ಹಗುರ ಮೈಯ ರೈಡರ್‌ನನ್ನು ಅಳೆಯುವ ಬಗೆ

ಜಾತ್ರೆಯ ಕಬಡ್ಡಿಯಲ್ಲಿ ತೆಳ್ಳನೆಯ ಹುಡುಗ ರೈಡಿಗೆ (ಎದುರಾಳಿಯ ಪಾಳೆಯಕ್ಕೆ ನುಗ್ಗಿ ಮುಟ್ಟಿ ಬರಲು) ಇಳಿದಾಗ ಸುತ್ತ ಕೂತ ಮಂದಿ ಆಡುವುದು ಎರಡೇ ಮಾತು. ಪಾಯಿಂಟ್ ತಂದರೆ "ಚಿರತಿ ಐತಿ ನೋಡ್ರಿ", ಸಿಕ್ಕಿಬಿದ್ದರೆ "ಮೈಯಾಗ ಏನೈತಿ ಅವಂಗ". ಆಯ್ಕೆ ಮಾಡುವ ಮೇಜಿನ ಹಿಂದೆ ಕೂತವರೂ ಇದನ್ನೇ ಹೇಳುತ್ತಾರೆ, ಸ್ವಲ್ಪ ನಯವಾಗಿ: "ಆಟ ಇದೆ, ತೂಕ ಸಾಲದು." ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಎಷ್ಟೋ ಒಳ್ಳೆಯ ರೈಡರ್‌ಗಳ ಲೆಕ್ಕ ಈ ಒಂದು ಸಾಲಿಗೆ ಮುಗಿದುಹೋಗುತ್ತದೆ. ತೂಕ ಸಾಲದು ಎನ್ನುವುದು ತಪ್ಪಲ್ಲ. ಯಾವಾಗ ಸಾಲದು, ಎಲ್ಲಿ ಸಾಲದು ಎಂದು ಯಾರೂ ಕೇಳುವುದಿಲ್ಲ, ಅದು ತಪ್ಪು.

ಒಂದು ರೈಡನ್ನು ಎರಡು ತುಂಡು ಮಾಡಿ ನೋಡಬೇಕು. ನಡುಗೆರೆ ದಾಟಿದಾಗಿನಿಂದ ಎದುರಾಳಿಯ ಕೈ ಮೈಮೇಲೆ ಬೀಳುವವರೆಗೆ ಒಂದು. ಕೈ ಬಿದ್ದ ಮೇಲೆ ನಡುಗೆರೆ ಮುಟ್ಟುವವರೆಗೆ ಇನ್ನೊಂದು. ಮೊದಲನೆಯದರಲ್ಲಿ ಹಗುರ ಮೈ ಲಾಭವೇ. ಎರಡನೆಯದರಲ್ಲಿ ಶುದ್ಧ ನಷ್ಟ. ಹಾಗಾಗಿ ಹುಡುಗ ಎಷ್ಟು ಕೆಜಿ ಎನ್ನುವುದಕ್ಕಿಂತ, ಹತ್ತು ರೈಡಿನಲ್ಲಿ ಎಷ್ಟು ಸಲ ಆ ಎರಡನೇ ತುಂಡಿಗೆ ಹೋಗುತ್ತಾನೆ ಎನ್ನುವುದು ದೊಡ್ಡ ಪ್ರಶ್ನೆ.

ಮೊದಲು ತೂಕವನ್ನೇ ಸರಿಯಾಗಿ ತೂಗೋಣ. ಸಬ್ ಜೂನಿಯರ್ ಹುಡುಗರಿಗೆ 55 ಕೆಜಿ, ಜೂನಿಯರ್‌ಗೆ 70, ಸೀನಿಯರ್‌ಗೆ 85 ಮಿತಿ. ಅಂದರೆ 60 ಕೆಜಿ ಹುಡುಗ ಸೀನಿಯರ್ ಮ್ಯಾಟ್ ಹತ್ತಿದ ದಿನ ತನಗಿಂತ 20-25 ಕೆಜಿ ಭಾರದವರ ನಡುವೆ ನಿಂತಿರುತ್ತಾನೆ. ತೂಕ ಕಟ್ಟಿದ ಟೂರ್ನಿಯ ದಿನ ಕಾಟಾದಲ್ಲಿ ಕಂಡ ಅಂಕಿಯನ್ನು ಮಾತ್ರ ನಂಬಬೇಡಿ. ಹಿಂದಿನ ದಿನ ಊಟ ಬಿಟ್ಟು, ನೀರು ಬಿಟ್ಟು, ರಾಯಚೂರಿನ ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ಓಡಿ ತೂಕ ಇಳಿಸುವ ಹುಡುಗರಿದ್ದಾರೆ. ಇದು ಅಪಾಯ. ಬಿಸಿಲು 40 ಡಿಗ್ರಿ ದಾಟುವ ಸೀಮೆಯಲ್ಲಿ ನೀರು ಬಿಟ್ಟು ಓಡಿಸುವ ಕೋಚ್‌ನನ್ನು ಯಾರಾದರೂ ತಡೆಯಲೇಬೇಕು. ಅಳತೆಗೂ ಇದರಿಂದ ಉಪಯೋಗವಿಲ್ಲ. ಟೂರ್ನಿ ಇಲ್ಲದ ವಾರದಲ್ಲಿ ಮೂರು ದಿನ, ಬೆಳಿಗ್ಗೆ ಬಯಲಿಗೆ ಹೋಗಿ ಬಂದ ಮೇಲೆ, ಬರಿಗಾಲಲ್ಲಿ ತೂಗಿ ಸರಾಸರಿ ತೆಗೆಯಿರಿ. ಅದು ಅವನ ತೂಕ.

ಎತ್ತರದ ವಿಷಯಕ್ಕೆ ಬಂದರೆ, ಇಲ್ಲಿ ಎಲ್ಲರೂ ಹೆದರುವಷ್ಟು ಹೆದರಬೇಕಿಲ್ಲ. ಲೆಕ್ಕ ಹಾಕಿ ನೋಡಿ. ಸೀನಿಯರ್ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುಗೆರೆಯಿಂದ ಬಾಕ್ ಲೈನ್ (ರೈಡರ್ ದಾಟಲೇಬೇಕಾದ ಗೆರೆ) 3.75 ಮೀಟರ್, ಅಲ್ಲಿಂದ ಒಂದು ಮೀಟರ್ ಆಚೆ ಬೋನಸ್ ಲೈನ್. 165 ಸೆಂಟಿಮೀಟರ್ ಎತ್ತರದವನು ಕೈ ಮೇಲೆತ್ತಿ ನಿಂತರೆ ಸುಮಾರು 210 ಸೆಂಟಿಮೀಟರ್. ಆಂಕಲ್ (ಕಣಕಾಲು) ಹಿಡಿಸಿಕೊಂಡು ಮುಂದಕ್ಕೆ ಬಿದ್ದರೆ ಕಣಕಾಲಿನಿಂದ ಬೆರಳ ತುದಿವರೆಗೆ ಎರಡು ಮೀಟರ್ ಸಿಕ್ಕೀತು. ಬಾಕ್ ಲೈನಿನ ಮೇಲೆ ಸಿಕ್ಕಿದ್ದರೆ ಇನ್ನೂ ಒಂದೂಮುಕ್ಕಾಲು ಮೀಟರ್ ಬಾಕಿ. 182 ಸೆಂಟಿಮೀಟರ್‌ನವನಿಗೆ ಇದೇ ಲೆಕ್ಕದಲ್ಲಿ ಸುಮಾರು ಒಂದೂವರೆ ಮೀಟರ್ ಬಾಕಿ. ಇಬ್ಬರೂ ಕೈ ಚಾಚಿ ಮುಟ್ಟಲಾರರು, ಹಿಡಿದವನನ್ನು ಎಳೆದುಕೊಂಡು ಬರಲೇಬೇಕು. ಎತ್ತರದವನು ಬಚಾವಾಗುವುದು ಆ ಗೇಣು ಉದ್ದದಿಂದಲ್ಲ, ಎಳೆಯುವ ತೊಡೆಯಿಂದ. ಗಿಡ್ಡಗಿದ್ದರೂ ತೊಡೆ, ಸೊಂಟ ಗಟ್ಟಿ ಇರುವ 66 ಕೆಜಿ ಹುಡುಗ, ಉದ್ದಕ್ಕೆ ಬೆಳೆದ 66 ಕೆಜಿ ಹುಡುಗನಿಗಿಂತ ಒಳ್ಳೆಯ ಪಾಲು. ಉದ್ದನೆಯವನ ಮೊಣಕಾಲು ಎತ್ತರದಲ್ಲಿರುತ್ತದೆ, ಥೈ ಹೋಲ್ಡ್‌ಗೆ (ತೊಡೆ ಹಿಡಿತಕ್ಕೆ) ಕೈ ಸಲೀಸಾಗಿ ಹೋಗುತ್ತದೆ.

ಇನ್ನು ನೆಲ. ನಮ್ಮ ಕಡೆ ಆಟ ಹುಟ್ಟುವುದು ಎರೆ ಮಣ್ಣಿನಲ್ಲಿ, ಇಲ್ಲವೇ ಮಸಾರಿಯಲ್ಲಿ, ಬರಿಗಾಲಲ್ಲಿ. ಮಣ್ಣಿನಲ್ಲಿ ಕಾರ್ನರ್ (ಹಿಡಿಯುವವರ ಸಾಲಿನ ತುದಿ) ಆಡುವವನು ಕಾಲಿಗೆ ಹಾರಲು ಹಿಂಜರಿಯುತ್ತಾನೆ, ಮೊಣಕಾಲು, ಮೊಣಕೈ ಕಿತ್ತುಹೋಗುತ್ತವೆ. ಆದ್ದರಿಂದ ಹಗುರ ರೈಡರ್ ಕಾಲು ಚಾಚಿ ಟೋ ಟಚ್ ಮಾಡಿ ಹಿಂದೆ ಬಂದರೂ ನಡೆಯುತ್ತದೆ. ಮ್ಯಾಟ್ ಮೇಲೆ ಅದೇ ಕಾರ್ನರ್ ಹಿಂದೆಮುಂದೆ ನೋಡದೆ ಮೈ ಚೆಲ್ಲಿ ಹಾರುತ್ತಾನೆ. ಇರಾನಿನ ಫಜಲ್ ಅತ್ರಾಚಲಿ ಎಡ ಕಾರ್ನರ್‌ನಲ್ಲಿ ಕಣಕಾಲಿಗೆ ಬೀಳುವುದನ್ನು ಟಿವಿಯಲ್ಲಿ ನೋಡಿದವರಿಗೆ ಇದು ಗೊತ್ತು. ಶೂ ಕೂಡ ಆಟ ಬದಲಿಸುತ್ತದೆ. ಮಣ್ಣಿನಲ್ಲಿ ಪಾದ ಸ್ವಲ್ಪ ಜಾರಿ ತಿರುಗುತ್ತದೆ, ಮ್ಯಾಟ್‌ನಲ್ಲಿ ಶೂ ಕಚ್ಚಿಕೊಂಡು ಮೊಣಕಾಲು ತಿರುಚುತ್ತದೆ. ಮಣ್ಣಿನ ಆಟ ಮಾತ್ರ ನೋಡಿ ಹುಡುಗನನ್ನು ಹೊಗಳಬೇಡಿ, ಮ್ಯಾಟಿನ ಮೊದಲ ವಾರ ನೋಡಿ ತಳ್ಳಿಹಾಕಲೂ ಬೇಡಿ. ಮೂರು ನಾಲ್ಕು ವಾರ ಮ್ಯಾಟ್ ಸಿಕ್ಕ ಮೇಲೆ ನೋಡಿ.

ಸಬ್ ಜೂನಿಯರ್ ವಿಡಿಯೊ ಕಳಿಸುವವರಿಗೂ ಒಂದು ಮಾತು. ಆ ಅಂಕಣ 11 ಮೀಟರ್ ಉದ್ದ, 8 ಮೀಟರ್ ಅಗಲ, ಬಾಕ್ ಲೈನ್ 3 ಮೀಟರ್‌ಗೆ. ಸೀನಿಯರ್‌ನಲ್ಲಿ ಹೋಗಿ ಬರುವ ದಾರಿ ಒಂದೂವರೆ ಮೀಟರ್ ಹೆಚ್ಚಾಗುತ್ತದೆ. ಅಗಲವೂ ಎರಡು ಮೀಟರ್ ಹೆಚ್ಚುವುದರಿಂದ ಅಕ್ಕಪಕ್ಕ ಓಡುವವನಿಗೆ ಜಾಗ ಸಿಗುತ್ತದೆ, ಹಿಂದೆ ಮುಂದೆ ಮಾತ್ರ ಓಡುವವನಿಗೆ ದಾರಿ ದೂರವಾಗುತ್ತದೆ.

ಈಗ ಬರೆದಿಡುವ ಕೆಲಸ. ಒಂದು ನೋಟ್‌ಬುಕ್ ಸಾಕು. ಕನಿಷ್ಠ ಮೂರು ಪಂದ್ಯ, ಮೂವತ್ತು ರೈಡ್. ಪ್ರತಿ ರೈಡಿಗೆ ಒಂದು ಸಾಲು: ಎದುರು ಎಷ್ಟು ಜನ ಇದ್ದರು, ಎಡಕ್ಕೆ ಹೋದನೋ ಬಲಕ್ಕೋ, ಏನು ತಂದ (ಬೋನಸ್, ಕೈ ಟಚ್, ಕಾಲು ಟಚ್, ಖಾಲಿ), ಮೈಮೇಲೆ ಕೈ ಬಿತ್ತೋ ಇಲ್ಲವೋ, ಬಿದ್ದಿದ್ದರೆ ಯಾವ ಹಿಡಿತ, ಬಿಡಿಸಿಕೊಂಡನೋ, ರೈಡಿನ 30 ಸೆಕೆಂಡಿನಲ್ಲಿ ಎಷ್ಟು ಉಳಿದಿತ್ತು. ಒಟ್ಟು ಪಾಯಿಂಟ್‌ಗಿಂತ ಈ ಸಾಲುಗಳು ಹೆಚ್ಚು ಹೇಳುತ್ತವೆ. ಹನ್ನೆರಡು ಪಾಯಿಂಟ್ ತಂದವನು ಅದರಲ್ಲಿ ಆರು ಸಲ ಹಿಡಿತದಿಂದ ಜಾರಿ ಬಂದಿದ್ದರೆ, 80 ಕೆಜಿಯವರ ಎದುರು ಆ ಆರರಲ್ಲಿ ಹೆಚ್ಚಿನವು ಅವನ ಕೈಗೆ ಬರುವುದಿಲ್ಲ. ಎಂಟು ತಂದವನ ಮೈಗೆ ಎರಡೇ ಸಲ ಕೈ ಬಿದ್ದಿದ್ದರೆ ನಾನು ಅವನನ್ನೇ ಆರಿಸುತ್ತೇನೆ.

ಎದುರು ಎಷ್ಟು ಜನ ಎನ್ನುವ ಕಾಲಮ್ಮನ್ನು ಬೇಸರಪಟ್ಟು ಬಿಡಬೇಡಿ, ಹಗುರ ರೈಡರ್‌ನ ಗುಟ್ಟು ಅಲ್ಲೇ ಇದೆ. ಬೋನಸ್ ಸಿಗುವುದು ಆರು ಅಥವಾ ಏಳು ಜನ ಇದ್ದಾಗ ಮಾತ್ರ. ಒಂದು ಕಾಲು ಬೋನಸ್ ಲೈನ್ ದಾಟಿ, ಹಿಂದಿನ ಕಾಲು ಗಾಳಿಯಲ್ಲಿರಬೇಕು. ಚುರುಕು ಕಾಲಿನ ಹುಡುಗನಿಗೆ ಇದು ದಿನದ ರೊಟ್ಟಿ ಇದ್ದಂತೆ. ಆದರೆ ಐದು ಜನರಾದ ಕೂಡಲೇ ಕೈ ಖಾಲಿ ಆಗುವವರು ಬಹಳ. ನೋಟ್‌ಬುಕ್ಕಿನಲ್ಲಿ ನಾಲ್ಕು, ಐದು ಜನರ ಎದುರು ತಂದ ಟಚ್ ಪಾಯಿಂಟ್‌ಗೆ ಬೇರೆ ಗೆರೆ ಎಳೆಯಿರಿ. ಅಲ್ಲಿ ಏನೂ ಇಲ್ಲದಿದ್ದರೆ ಅವನು ಬೋನಸ್ ರೈಡರ್ ಅಷ್ಟೇ, ಪ್ರೊ ಕಬಡ್ಡಿ ತಂಡದಲ್ಲಿ ಅವನಿಗೆ ಹೆಚ್ಚೆಂದರೆ ಮೂರನೇ ರೈಡರ್ ಜಾಗ. ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಇದ್ದಾಗ ಸಿಕ್ಕಿಬಿದ್ದರೆ ಸೂಪರ್ ಟ್ಯಾಕಲ್, ಎದುರಾಳಿಗೆ ಎರಡು ಪಾಯಿಂಟ್. ಅಂಥಲ್ಲಿ ಸುಮ್ಮನೆ ಬಾಕ್ ಲೈನ್ ದಾಟಿ ಖಾಲಿ ಬರುವ ತಾಳ್ಮೆ ಇದೆಯೇ ನೋಡಿ. ಆಮೇಲೆ ಡು ಆರ್ ಡೈ: ಎರಡು ಖಾಲಿ ರೈಡಿನ ನಂತರದ ಮೂರನೆಯದು. ಪಾಯಿಂಟ್ ತರದಿದ್ದರೆ ಔಟ್. ಎದುರಾಳಿಗಳು ಹಿಂದೆ ಸರಿದು ಕಾಯುತ್ತಾರೆ, ಹಗುರ ರೈಡರ್ ಆಳಕ್ಕೆ ಹೋಗಲೇಬೇಕಾಗುತ್ತದೆ. ಅವನ ನಿಜವಾದ ಬೆಲೆ ಅಂಥ ಐದಾರು ರೈಡಿನಲ್ಲಿ ತಿಳಿಯುತ್ತದೆ.

ಅವನಿಗೆ ಒಪ್ಪುವ ಆಯುಧ ಯಾವುದು? ನನ್ನ ಮಟ್ಟಿಗೆ ಮೊದಲು ರನ್ನಿಂಗ್ ಹ್ಯಾಂಡ್ ಟಚ್. ದಬಂಗ್ ಡೆಲ್ಲಿಗೆ ಆಡುತ್ತಿದ್ದಾಗ ನವೀನ್ ಕುಮಾರ್ ಹೆಸರು ಮಾಡಿದ್ದು ಅದರಿಂದಲೇ: ಓಟ ನಿಲ್ಲಿಸದೆ ಕೈ ತಾಗಿಸಿ, ಅದೇ ಓಟದಲ್ಲಿ ಮನೆಗೆ. ಮುಟ್ಟಿದ ಕ್ಷಣದಲ್ಲೇ ಮೈ ನಡುಗೆರೆ ಕಡೆ ತಿರುಗಿರುವುದರಿಂದ ಎರಡನೇ ತುಂಡು ಬಹುತೇಕ ಇರುವುದೇ ಇಲ್ಲ. ಡುಬ್ಕಿ, ಅಂದರೆ ಬಗ್ಗಿ ಹಿಡಿಯುವವರ ಕೈ ಕೆಳಗೆ ನುಸುಳುವುದು, ಅದರ ಬಗ್ಗೆ ನನಗೆ ಅನುಮಾನ. ಪರ್ದೀಪ್ ನರ್ವಾಲ್ 2017ರಲ್ಲಿ ಹರಿಯಾಣ ಸ್ಟೀಲರ್ಸ್ ಮೇಲೆ ಒಂದೇ ಪಂದ್ಯದಲ್ಲಿ 34 ಪಾಯಿಂಟ್ ತಂದ ಮೇಲೆ ಹಳ್ಳಿಹಳ್ಳಿಯ ಹುಡುಗರು ಚೈನಿನ (ಕೈಕೈ ಹಿಡಿದು ನಿಂತ ಎದುರಾಳಿಗಳ) ಕೆಳಗೆ ನುಗ್ಗತೊಡಗಿದರು. ಬಗ್ಗುವುದನ್ನು ಎಲ್ಲರೂ ಕಲಿಯುತ್ತಾರೆ. ಬೆನ್ನ ಮೇಲೆ ಇಬ್ಬರು ಬಿದ್ದಾಗ ಮೇಲೇಳುವ ತೊಡೆ 58 ಕೆಜಿಯವನಲ್ಲಿ ಎಲ್ಲಿ? ಚೈನ್ ಎದ್ದು ನಿಂತಿದ್ದರೆ ಡುಬ್ಕಿ ನಡೆಯುತ್ತದೆ, ಕವರ್ (ಸಾಲಿನ ಒಳಭಾಗ) ಆಡುವವರು ಮೊಣಕಾಲು ಮಡಚಿ ಕೂತರೆ ಬರೀ ಶರಣಾಗತಿ.

ಹಗುರ ರೈಡರ್ ಸಿಕ್ಕಿಬೀಳುವ ಇನ್ನೊಂದು ಜಾಗ ಲಾಬಿ, ಅಂಕಣದ ಎರಡೂ ಬದಿಯ ಪಟ್ಟಿ. ಟಚ್ ಆಗುವ ಮೊದಲು ಲಾಬಿಗೆ ಕಾಲಿಟ್ಟರೆ ತಾನೇ ಔಟ್. ಟಚ್ ಆದ ಮೇಲೆ ಆ ಒಂದು ಮೀಟರ್ ತೆರೆದುಕೊಳ್ಳುತ್ತದೆ, ಆದರೆ ಕವರ್‌ನಿಂದ ಬಂದ ಒಂದೇ ಡ್ಯಾಶ್‌ಗೆ (ಮೈಯಿಂದ ಗುದ್ದಿ ತಳ್ಳುವುದಕ್ಕೆ) ಹುಡುಗ ಅಂಕಣದ ಆಚೆ. ಸೈಡಿನಲ್ಲಿ ಮುಟ್ಟಿ ನಡುವಿನ ಕಡೆ ತಿರುಗುವವನನ್ನು ಇಟ್ಟುಕೊಳ್ಳಿ. ಸೈಡಿನಲ್ಲಿ ಮುಟ್ಟಿ ಸೈಡಿಗೇ ಓಡುವವನನ್ನು ತಿದ್ದಬೇಕು.

ಪರೀಕ್ಷೆಗೆ ದುಬಾರಿ ಸಾಮಾನು ಬೇಡ. ನಡುಗೆರೆಯಿಂದ ಬಾಕ್ ಲೈನ್, ಅಲ್ಲಿ ತಿರುಗಿ ವಾಪಸ್, ಒಟ್ಟು ಏಳೂವರೆ ಮೀಟರ್. ಎಡಕ್ಕೆ ತಿರುಗಿ ಮೂರು ಸಲ, ಬಲಕ್ಕೆ ತಿರುಗಿ ಮೂರು ಸಲ, ಕಬಡ್ಡಿ ಕಬಡ್ಡಿ ಎನ್ನುತ್ತಲೇ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ತೆಗೆದು ಫ್ರೇಮ್ ಎಣಿಸಿ. ಎಡಕ್ಕೂ ಬಲಕ್ಕೂ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಇದ್ದರೆ ಎದುರಾಳಿ ಕೋಚ್ ಎರಡೇ ಪಂದ್ಯದಲ್ಲಿ ಅದನ್ನು ಹಿಡಿಯುತ್ತಾನೆ. ನಂತರ ಹಿಡಿತದ ಪರೀಕ್ಷೆ: 75-80 ಕೆಜಿಯ ಕಾರ್ನರ್ ಒಬ್ಬ ಹಿಡಿಯಬೇಕು, ಒಂದು ಎಣಿಸಿ ಎರಡನೆಯವನನ್ನು ಹಿಡಿಯಲು ಕಳಿಸಬೇಕು. ಹತ್ತು ಸಲ. ಒಂದು ಎಣಿಸುವುದರೊಳಗೆ ಮೈ ತಿರುಚಿ, ಕಾಲು ಕಿತ್ತುಕೊಂಡು ಎಷ್ಟು ಸಲ ಹೊರಬಂದ ಎಂದು ಬರೆಯಿರಿ. ಎರಡನೆಯವನು ಬಂದ ಮೇಲೆ ಹಗುರ ಹುಡುಗನಿಂದ ಏನನ್ನೂ ನಿರೀಕ್ಷಿಸಬೇಡಿ. ಮೈ ಬಿಸಿ ಮಾಡದೆ ಈ ಪರೀಕ್ಷೆ ಮಾಡಿಸಿದರೆ ಮೊಣಕಾಲು ಹೋಗುತ್ತದೆ, ಕಾಲು ಗಂಟೆ ಓಡಿಸಿ ಶುರು ಮಾಡಿ.

ಎಲ್ಲರೂ ಮರೆಯುವುದು ಡಿಫೆನ್ಸ್. ರೈಡ್ ಆ ಕಡೆಗೊಂದು ಈ ಕಡೆಗೊಂದು ನಡೆಯುತ್ತದೆ, ಪಂದ್ಯದ ಅರ್ಧ ಹೊತ್ತು ರೈಡರ್ ಕೂಡ ಹಿಡಿಯುವವನೇ. ಭಾರದ ರೈಡರ್ ಬಂದಾಗ ಕವರ್‌ನಲ್ಲಿ ನಿಂತ 58 ಕೆಜಿಯವನ ಮೇಲೆಯೇ ಓಡಿಕೊಂಡು ಹೋಗುತ್ತಾನೆ. ಹುಡುಗ ಅಲ್ಲಿ ಮುಟ್ಟಿಸಿಕೊಂಡರೆ ಒಂದು ಪಾಯಿಂಟ್ ಹೋದದ್ದಷ್ಟೇ ಅಲ್ಲ, ಹೊರಗೆ ಕೂತ ರೈಡರ್‌ನಿಂದ ಮುಂದಿನ ರೈಡ್ ಆಡಿಸಲಾಗದು. ಆದ್ದರಿಂದ ಒಂದು ಪಂದ್ಯದಲ್ಲಿ ಎಷ್ಟು ಸಲ ಸುಮ್ಮನೆ ಮುಟ್ಟಿಸಿಕೊಂಡ ಎಂದು ಬೇರೆ ಎಣಿಸಿ. ಮೊದಲ ಹಿಡಿತಕ್ಕೆ ಕೈ ಹಾಕದೆ, ಚೈನಿನಲ್ಲಿ ಎರಡನೆಯವನಾಗಿ ಸರಿಯಾದ ಹೊತ್ತಿಗೆ ಬೀಳುವ ಹುಡುಗ ತಂಡಕ್ಕೆ ಭಾರವಾಗುವುದಿಲ್ಲ.

ಹದಿನೇಳರ ವಯಸ್ಸಿನ 58 ಕೆಜಿಯನ್ನು ಇಪ್ಪತ್ತೆರಡರ 58 ಕೆಜಿಯಂತೆ ಓದಬಾರದು. ಚಿಕ್ಕವನ ಮಣಿಕಟ್ಟು, ಭುಜದ ಅಗಲ ನೋಡಿ, ಕಳೆದ ಎರಡು ವರ್ಷದಲ್ಲಿ ಎಷ್ಟು ಬೆಳೆದಿದ್ದಾನೆ ಕೇಳಿ. ತಿಂಗಳಿಗೆ ಅರ್ಧ ಕೆಜಿಯಷ್ಟು ಏರಿಸುವ ಗುರಿ ಸಾಕು. ರೊಟ್ಟಿ, ಬೇಳೆ, ಮೊಟ್ಟೆ, ಶೇಂಗಾ, ಹಾಲು, ಜೊತೆಗೆ ವಾರಕ್ಕೆ ಮೂರು ದಿನ ಬೈಠಕ್ ಮತ್ತು ಭಾರ ಎತ್ತುವುದು. ಪುಡಿ ಡಬ್ಬಿ ಹಿಡಿದು ಮೂರು ತಿಂಗಳಲ್ಲಿ ಎಂಟು ಕೆಜಿ ಏರಿಸಿದವರ ಕಾಲು ನಿಧಾನವಾಗುತ್ತದೆ, ಅವನಲ್ಲಿದ್ದ ಒಂದೇ ಆಸ್ತಿ ಹೋಗುತ್ತದೆ. ಪ್ರತಿ ತಿಂಗಳು ತೂಕದ ಪಕ್ಕದಲ್ಲೇ ಆ ಏಳೂವರೆ ಮೀಟರ್ ಓಟದ ಸಮಯವನ್ನೂ ಬರೆಯಿರಿ. ತೂಕ ಏರಿ ಸಮಯ ಹಾಗೇ ನಿಂತಿದ್ದರೆ ಮುಂದುವರಿಸಿ, ಸಮಯ ಹೆಚ್ಚಾಗುತ್ತಿದ್ದರೆ ಅಲ್ಲಿಗೇ ತಡೆಯಿರಿ.