ಗಲಾಪಗೋಸ್‌ಗೆ ಏನು ಕೊಡ್ತೀವೋ ಅದೇ ವಾಪಸ್ಸು

ಗ್ರಾಸ್‌ಹಾಪರಲ್ಲಿ (ರೈನೋ 3ಡಿ ಸಾಫ್ಟ್‌ವೇರ್ ಒಳಗಿನ ಡಿಸೈನ್ ಟೂಲ್) ರೂಫಿನ ಟ್ರಸ್, ಅಂದ್ರೆ ಪೈಪ್‌ಗಳ ತ್ರಿಕೋನದ ಚೌಕಟ್ಟು, ಮಾಡಿ, ಅದರ ಪ್ಲಗಿನ್ ಕರಾಂಬಾದಲ್ಲಿ ಲೋಡ್ ಅನಾಲಿಸಿಸ್ ಓಡಿಸಿ, ಒಳ್ಳೇ ಉತ್ತರ ಹುಡುಕೋ ಸಾಲ್ವರ್ ಗಲಾಪಗೋಸ್‌ಗೆ ವೈರ್ ಎಳೆದುಬಿಟ್ರೆ ಡಿಸೈನ್ ತಾನಾಗೇ ಆಗೋಗುತ್ತೆ ಅಂತ ಆಫೀಸಲ್ಲಿ ಹೊಸ ಹುಡುಗ್ರು ಅಂದ್ಕೊಂಡಿರ್ತಾರೆ. ತೂಕ ಕಮ್ಮಿ ಮಾಡು ಅಂತಷ್ಟೇ ಹೇಳಿದ್ರೆ ಇರೋದ್ರಲ್ಲೇ ಸಣಕಲು ಪೈಪ್ ತಂದು ಮುಂದಿಡುತ್ತೆ, ಟ್ರಸ್ ಬಗ್ಗಿದ್ರೆ ಅದಕ್ಕೇನು! ಹಾಗಾಗಿ ಯುಟಿಲೈಸೇಶನ್ (ಪೈಪ್ ತಡೆಯೋ ಶಕ್ತಿಗೆ ಹೋಲಿಸಿದ್ರೆ ಅದರ ಮೇಲೆ ಬೀಳೋ ಲೋಡ್) 1 ದಾಟಿದ್ರೆ, ಇಲ್ಲಾ ಡಿಫ್ಲೆಕ್ಷನ್ (ಬಗ್ಗೋ ಪ್ರಮಾಣ) ಉಕ್ಕಿನ ಕಟ್ಟಡಗಳ ಭಾರತೀಯ ಕೋಡ್ ಐಎಸ್ 800:2007 ಲಿಮಿಟ್ ಮೀರಿದ್ರೆ ತೂಕದ ನಂಬರ್‌ಗೆ ಪೆನಾಲ್ಟಿ ಸೇರಿಸ್ಬೇಕು, ಅದೂ ಎಷ್ಟು ಮೀರ್ತೋ ಅಷ್ಟು, ಎಲ್ಲಕ್ಕೂ ಒಂದೇ ದೊಡ್ಡ ನಂಬರ್ ಕೂಡಿಸಿದ್ರೆ ಸಾಲ್ವರ್‌ಗೆ ಯಾವ ಕಡೆ ಹೋಗ್ಬೇಕು ಅಂತಾನೇ ಗೊತ್ತಾಗಲ್ಲ.

ಆಮೇಲೆ ಪೈಪ್ ದಪ್ಪಕ್ಕೆ ದಯವಿಟ್ಟು ಸ್ಲೈಡರ್ ಇಡ್ಬೇಡಿ. 3.37 ಎಂಎಂ ಅಂತ ಉತ್ತರ ಬಂದ್ರೆ ಪೀಣ್ಯದ ಫ್ಯಾಬ್ರಿಕೇಟರ್ ನಕ್ಕುಬಿಡ್ತಾರೆ. ಮಾರ್ಕೆಟ್ಟಲ್ಲಿ ಸಿಗೋ ಪೈಪ್ ಸೆಕ್ಷನ್‌ಗಳನ್ನ ತೂಕದ ಪ್ರಕಾರ ಜೋಡಿಸಿ, ಪಟ್ಟಿಯ ನಂಬರನ್ನ ಮಾತ್ರ ಜೀನೋಮ್‌ಗೆ (ಗಲಾಪಗೋಸ್ ಬದಲಾಯಿಸಿ ನೋಡೋ ಇನ್‌ಪುಟ್) ಕೊಡಿ.

ನಮ್ ಬೆಂಗಳೂರಿಗೆ ಡಿಸೈನ್‌ಗೆ ಹಿಡಿಯೋ ಬೇಸಿಕ್ ವಿಂಡ್ ಸ್ಪೀಡ್ ಸೆಕೆಂಡಿಗೆ 33 ಮೀಟರ್, ಕಮ್ಮಿನೇ. ಆದ್ರೂ ಹಗುರ ಶೀಟ್ ರೂಫಿಗೆ ಅಪ್‌ಲಿಫ್ಟ್ ಕೇಸ್ (ಗಾಳಿ ರೂಫನ್ನ ಮೇಲಕ್ಕೆಳೆಯೋ ಲೋಡ್) ಬಿಟ್ಟು ಓಡಿಸಿದ್ರೆ ಬಾಟಮ್ ಕಾರ್ಡ್ (ಟ್ರಸ್‌ನ ಕೆಳಗಿನ ಪೈಪ್) ತೆಳ್ಳಗಾಗಿ ಆಮೇಲೆ ಬಕ್ಲಿಂಗ್ (ಒತ್ತಡಕ್ಕೆ ಬಾಗಿಹೋಗೋದು) ಚೆಕ್ಕಲ್ಲಿ ಸಿಕ್ಕಾಕೊಳ್ಳುತ್ತೆ.

ತೂಕದ ಜೊತೆ ಜಾಯಿಂಟ್‌ಗಳೂ ಕಮ್ಮಿಯಾಗ್ಬೇಕು ಅಂದ್ರೆ ಗಲಾಪಗೋಸ್ ಸಾಲಲ್ಲ, ಅದು ನೋಡೋದು ಒಂದೇ ನಂಬರ್. ಅಲ್ಲಿ ನಾನು ಹಲವು ಗುರಿ ಒಟ್ಟಿಗೆ ನೋಡೋ ಪ್ಲಗಿನ್ ವಾಲಾಸಿ ಹಾಕ್ತೀನಿ.