ಜೇಕಿನ ದಂಟು ಉರುಳಿಸಿ ನೋಡ್ರಿ

ಮಳೆ ಬಿದ್ದ ಮೇಲೆ ಸಂಡೂರಿನ ನಾರಿಹಳ್ಳದ ಕಡೆ ಹೋದ್ರೆ, ಮರದ ಬುಡದಲ್ಲಿ ನೀರು ನಿಂತು ಕೆಸರಾದ ಕಡೆಯೆಲ್ಲ ಹಸಿರು ಎದ್ದಿರುತ್ತೆ. ಹುಲ್ಲು ಅಂತ ತುಳ್ಕೊಂಡು ಹೋಗ್ತೀವಿ. ಅದ್ರಲ್ಲಿ ಎಷ್ಟೋ ಹುಲ್ಲೇ ಅಲ್ಲ, ಜೇಕು.

ದಂಟನ್ನ ಎರಡು ಬೆರಳ ನಡುವೆ ಹಿಡಿದು ಉರುಳಿಸಿ ನೋಡ್ರಿ. ಹುಲ್ಲಿನ ಕಡ್ಡಿ ದುಂಡಗೆ, ನಡುನಡುವೆ ಗಿಣ್ಣು. ಜೇಕಿಗೆ ಮೂರು ಮೂಲೆ, ಅಂಚು ಬೆರಳಿಗೇ ತಾಗುತ್ತೆ. ಬುಡದಿಂದ ತೆನೆವರೆಗೆ ಗಿಣ್ಣಿಲ್ಲ, ಒಳಗೆ ಟೊಳ್ಳಿಲ್ಲ, ಎಲೆಗಳೂ ಮೂರೇ ದಿಕ್ಕಿಗೆ. (ದುಂಡು ದಂಟಿನ ಜೇಕೂ ಇವೆ, ಬರೀ ಮೂಲೆ ಎಣಿಸಿ ತೀರ್ಪು ಕೊಡಬ್ಯಾಡ್ರಿ.)

ಯಾವ ಜೇಕು ಅನ್ನೋದೇ ನಿಜವಾದ ತಲೆನೋವು. ತೆನೆ ಕಂದುಗೆಂಪು, ಕಿತ್ತರೆ ದಾರಕ್ಕೆ ಪೋಣಿಸಿದಂಗೆ ಸಾಲುಗಡ್ಡೆ, ಮುರಿದ್ರೆ ಘಮ ಅಂತ ವಾಸನೆ: ಅದು ಸೈಪರಸ್ ರೊಟಂಡಸ್, ಧೂಪಕ್ಕೂ ಔಷಧಿಗೂ ಹಾಕೋದು. ತೆನೆ ಸಣ್ಣ ಉಂಡೆ ಕಟ್ಟಿದಂಗಿದ್ರೆ ಸೈಪರಸ್ ಡಿಫಾರ್ಮಿಸ್. ಹಳದಿ ತೆನೆ, ಗಡ್ಡೆ ಇಲ್ಲ ಅಂದ್ರೆ ಸೈಪರಸ್ ಇರಿಯಾ ಇರಬಹುದು. ಇವೆರಡೂ ಭತ್ತದ ಗದ್ದೆಯ ಕಳೆ, ಗಂಗಾವತಿ, ಸಿಂಧನೂರು ಕಡೆಯವರು ಹೆಸರು ಕೇಳಿದ್ರೇ ಬೈತಾರೆ. ಹೂ ಬರೋಕೆ ಮುಂಚೆ ಹೆಸರು ಹೇಳೋರನ್ನ ನಾನಂತೂ ನಂಬಲ್ಲ.

ಕೆಸರಲ್ಲಿ ಕುಂತು ಲೆನ್ಸ್ ಹಿಡಿದಿದ್ದೆ. ಆಡು ಕಾಯೋ ಅಜ್ಜ ಬಂದು ನಿಂತ.
"ಏನವ್ವಾ, ಏನ್ ಕಳಕಂಡಿ?"
"ಏನಿಲ್ಲಜ್ಜಾ, ಇದು ಯಾವ ಜೇಕು ಅಂತ ನೋಡ್ತಿದ್ದೆ."
"ಆಡು ತಿನ್ನಲ್ಲ, ಬಿಡು" ಅಂದ. ಅವನಿಗೆ ಅಷ್ಟು ವರ್ಗೀಕರಣ ಸಾಕು.