ಎಂ.ಎ. ಓದಿ ಒಂದನೇ ಕ್ಲಾಸಾ?

"ಎಂ.ಎ., ಬಿ.ಎಡ್. ಮಾಡಿಕೊಂಡು ಇನ್ನೂ ಸಣ್ಣ ಮಕ್ಕಳ ಜೊತೆ ಯಾಕಿದ್ದೀರಿ? ಹೈಸ್ಕೂಲಿಗೆ ಹೋಗಬಹುದಲ್ವಾ?" ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಎಲ್ಲರೂ ಕೇಳುತ್ತಾರೆ. ಒಂದನೇ ಕ್ಲಾಸಿಗೆ ಯಾರು ಬೇಕಾದರೂ ಕಲಿಸಬಹುದು ಅನ್ನೋ ನಂಬಿಕೆ ಅದರೊಳಗಿದೆ. ನನಗೆ ನೋವಾಗುವುದು ಅದಕ್ಕೇ.

ಗದಗ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ನನ್ನದು ನಲಿಕಲಿ ತರಗತಿ, ಅಂದರೆ ಆಡುತ್ತಾ ನಲಿಯುತ್ತಾ ಕಲಿಯುವ ಪದ್ಧತಿ. ಒಂದರಿಂದ ಮೂರನೇ ತರಗತಿಯವರು ಒಟ್ಟಿಗೇ ಕೂರುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು ಇದು. ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದ ಪ್ರೈಮರಿ ಶಿಕ್ಷಕರೇ ಕೂತು ಕಟ್ಟಿದ್ದು. ಇಲ್ಲಿ ಅ, ಆ, ಇ, ಈ ಮೊದಲಲ್ಲ. ಮೊದಲು ರ, ಗ, ಸ, ದ, ಅ. ಈ ಐದು ಬಂದರೆ ಸಾಕು, ಮಗು ಸರ, ಅರಸ, ದಸರ, ಗರಗಸ ಓದುತ್ತದೆ. ಒತ್ತಿಲ್ಲ, ಗುಣಿತವಿಲ್ಲ, ಆದರೂ ಓದು ಬಂತು! ಯಾವ ಅಕ್ಷರ ಯಾವಾಗ ಅಂತ ಯೋಚಿಸಿದವರ ಜಾಣತನ ನೋಡಿ.

ಹೋದ ವರ್ಷ ತಾಂಡಾದಿಂದ ಒಬ್ಬ ಹುಡುಗ ಬಂದ. ಮನೆಮಾತು ಲಂಬಾಣಿ. ದೀಪಾವಳಿವರೆಗೂ ಬಾಯಿ ಬಿಡಲಿಲ್ಲ. ದ ಬರೆ ಅಂದರೆ ರ ಬರೆಯುತ್ತಿದ್ದ. ಅವನ ಮಾತು ನಾಲ್ಕು ನಾನೇ ಕಲಿತೆ. ಮರಳಿನಲ್ಲಿ ಬೆರಳು ಹಿಡಿದು ತಿದ್ದಿಸಿದೆ. ಒಂದು ಸಂಜೆ ಬಸ್ ಸ್ಟಾಪಿನಲ್ಲಿ ನನ್ನ ಸೆರಗು ಜಗ್ಗಿದ. "ಅಕ್ಕೋರ, ಗ... ದ... ಗ. ಗದಗ!" ಬಸ್ಸಿನ ಬೋರ್ಡು ಓದಿದ್ದ. ನಾನು ಆ ಬಸ್ಸು ಹತ್ತಲೇ ಇಲ್ಲ.

ಬಿಟ್ಟು ಹೋಗೋಣ ಅನ್ನಿಸಿದ್ದೂ ಇದೆ. ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ, ಮಕ್ಕಳ ವಿವರ ಆನ್‌ಲೈನಿಗೆ ಏರಿಸುವ ಸ್ಯಾಟ್ಸ್ ಎಂಟ್ರಿ, ಮತದಾರರ ಪಟ್ಟಿಯ ಬಿಎಲ್‌ಒ ಡ್ಯೂಟಿ. 2025ರ ದಸರೆಯಲ್ಲಿ ಮನೆಮನೆ ಸಮೀಕ್ಷೆ. ಮಕ್ಕಳು ಹೊಟ್ಟೆ ತುಂಬಾ ಉಣ್ಣಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಾಲೆ ನೋಡಲು ಬಂದವರು ಮೊಟ್ಟೆ ಎಣಿಸಿದರು, ರಿಜಿಸ್ಟರಿಗೆ ಸಹಿ ಹಾಕಿದರು, ಹೊರಟರು. ಆ ಹುಡುಗ ಓದೋಕೆ ಹೇಗೆ ಕಲಿತ ಅಂತ ಯಾರೂ ಕೇಳಲಿಲ್ಲ. ಸಂಬಳಕ್ಕಿಂತ ಜಾಸ್ತಿ ಕಾಡುವುದು ಅದು.

ಕೇಳಿದವಳು ಒಬ್ಬಳೇ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಪಕ್ಕದೂರಿನ ಹೊಸ ಟೀಚರ್ ಬಂದು, "ತಾಂಡಾದ ಮಕ್ಕಳನ್ನ ಹೆಂಗ ಮಾತಾಡಿಸ್ತೀರಿ ಅಕ್ಕಾ?" ಅಂದಳು. ಸಭೆ ಮುಗಿದ ಮೇಲೂ ಒಂದು ಗಂಟೆ ಕೂತೆವು. ನನಗೆ ಇಷ್ಟೆಲ್ಲ ಗೊತ್ತಿದೆ ಅಂತ ನನಗೇ ತಿಳಿದದ್ದು ಅವತ್ತು. ಹೈಸ್ಕೂಲಿನ ಬಡ್ತಿ ಬೇಡ ಅಂದದ್ದೂ ಆಮೇಲೆಯೇ.

ಮೊನ್ನೆ ರಾತ್ರಿ ಅವಳ ಫೋನ್ ಬಂತು. "ಅಕ್ಕಾ, ನನ್ನ ಹುಡುಗಿ ಇವತ್ತ ಸರ ಅಂತ ಓದಿದ್ಲು!"